ಬಿಟ್ಟ ಮನೆ

"ಸಾಯೋದಾದ್ರೆ ಬೀದೀಲಿ ಸಾಯ್ಲಿ ಕಣಮ್ಮ ನಿಮ್ಮವ್ವ. ಹೆಣ ಮಲಗ್ಸೋಕೆ ನಾನೇನು ಧರ್ಮಛತ್ರ ಕಟ್ಸಿದೀನಾ?"

ವೆಂಕಟಸ್ವಾಮಿ ಮೆಟ್ಟಿಲ ಮೇಲೆ ನಿಂತು ಕೂಗಿದ್ದು ಕೆಳಗಿನ ಬೀಡಾ ಅಂಗಡಿಯವರೆಗೂ ಕೇಳಿಸಿತು. ಮಧುಮತಿಯ ಕೈಯಲ್ಲಿ ಅವ್ವನ ಬಟ್ಟೆ ಹಿಂಡಿದ ಬಕೆಟ್ಟು. ಅದನ್ನು ಕೆಳಗಿಡಲೂ ಆಗದೆ, ಅವನನ್ನು ದಾಟಿ ಹೋಗಲೂ ಆಗದೆ ನಿಂತಳು. ಬಿಟಿಎಂ ಲೇಔಟಿನ ತಾವರೆಕೆರೆ ಗಲ್ಲಿಯಲ್ಲಿ ಬೆಂಕಿಪೊಟ್ಟಣ ಪೇರಿಸಿದ ಹಾಗೆ ಎದ್ದ ಕಟ್ಟಡ ಅವನದು. ಅಂತಸ್ತಿಗೆ ನಾಲ್ಕು ರೂಮು, ರೂಮಿಗೊಂದು ಸಂಸಾರ. ಒಬ್ಬರು ಕೆಮ್ಮಿದರೆ ಎಲ್ಲರಿಗೂ ಎಚ್ಚರ.

"ಅಣ್ಣ, ಆಸ್ಪತ್ರೆಯೋರೇ ಇನ್ನು ಮನೆಗೆ ಕರ್ಕೊಂಡೋಗಿ ಅಂದ್ಬಿಟ್ರು. ನಾನೇನ್ ಮಾಡ್ಲಿ?"

"ಮನೆಗೆ ಅಂದ್ರು. ನಿಮ್ಮನೆಗೆ. ಇದು ನಮ್ಮನೆ. ಇಲ್ಲಿ ಒಂದು ಹೆಣ ಬಿತ್ತು ಅಂತಿಟ್ಕೋ, ಪಕ್ಕದೋನು ಖಾಲಿ ಮಾಡ್ತಾನೆ, ಮೇಲಿನೋನು ಖಾಲಿ ಮಾಡ್ತಾನೆ. ಬ್ಯಾಂಕ್ ಸಾಲ ನಿಮ್ಮಪ್ಪ ಬಂದು ಕಟ್ತಾನಾ?"

"ನಮ್ಮಪ್ಪ ಆಗ್ಲೇ ಸತ್ತವ್ನೆ."

"ಎಲ್ಲಿ ಮಲಗ್ಸಿದ್ರಿ ಅವನ್ನ? ಬೀದೀಲಿ ತಾನೆ? ಇವಳನ್ನೂ ಅಲ್ಲೇ ಮಲಗ್ಸಿ. ಅಮಾಸೆ ಒಳಗೆ ರೂಮು ಖಾಲಿಯಾಗ್ಬೇಕು."

ಒಳಗಿಂದ ಅವ್ವನ ದನಿ ಬಂತು. ಮೈಯೆಲ್ಲ ಕರಗಿ ಹೋಗಿದ್ದರೂ ಚಿಕ್ಕತಾಯಮ್ಮನ ಗಂಟಲು ಮಾತ್ರ ಕರಗಿರಲಿಲ್ಲ. "ಯಾವನೇ ಅವನು ಬೋಳಿಮಗ? ನಾನು ಸಾಯೋಕೂ ಅವನ ಪರ್ಮಿಷನ್ ಬೇಕಾ?"

ಮಧುಮತಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ವೆಂಕಟಸ್ವಾಮಿ ಅಂದದ್ದು ಸುಳ್ಳಾಗಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಸುಳ್ಳಲ್ಲ. ಅಪ್ಪ ಸತ್ತಾಗ ಅವರು ಗುರಪ್ಪನಪಾಳ್ಯದಲ್ಲಿದ್ದರು. ಅಲ್ಲಿನ ಓನರು ಗೇಟಿಗೆ ಬೀಗ ಹಾಕಿಕೊಂಡು ಒಳಗೆ ಕೂತುಬಿಟ್ಟಿದ್ದ. ಅಪ್ಪನನ್ನು ಟ್ರಾನ್ಸ್‌ಫಾರ್ಮರ್ ಪಕ್ಕದ ಫುಟ್‌ಪಾತಿನ ಮೇಲೆ ಮಲಗಿಸಿ, ಟಾರ್ಪಾಲು ಅಡ್ಡ ಹಿಡಿದು, ಬಿಂದಿಗೆಯಲ್ಲಿ ನೀರು ಹೊತ್ತು ತಂದು ತೊಳೆದರು. ಗಾಳಿಗೆ ಟಾರ್ಪಾಲು ಹಾರುತ್ತಿತ್ತು. ಆ ದಾರಿಯಲ್ಲಿ ನುಗ್ಗಿ ಬಂದ ಬೈಕಿನವರು ಜಾಗ ಬಿಡಿ ಅಂತ ಹಾರನ್ ಹೊಡೆದರು. ಅವ್ವ ಅಳಲಿಲ್ಲ. ಗಂಡನ ಸೊಂಟಕ್ಕೆ ತನ್ನ ಸೆರಗು ಅಡ್ಡ ಹಿಡಿದು ಕೂತಿದ್ದಳು. ಎಲ್ಲ ಮುಗಿದ ಮೇಲೆ ಮಗಳಿಗೆ ಒಂದೇ ಮಾತು ಹೇಳಿದಳು: "ನನ್ನ ಬೀದೀಲಿ ತೊಳೀಬ್ಯಾಡ ಮಗ. ಒಂದು ಬಚ್ಚಲು ನೋಡು. ಬಾಗ್ಲು ಇರೋ ಬಚ್ಚಲು."

ಅವತ್ತಿನಿಂದ ಅದು ಮಧುಮತಿಯ ತಲೆ ಮೇಲೆ ಕೂತಿತ್ತು.

*

ಅಡುಗೆ ಕೆಲಸಕ್ಕಿದ್ದ ಪೀಜಿ ಹಾಸ್ಟೆಲಿನಲ್ಲಿ ಮಧುಮತಿ ಬೆಳಿಗ್ಗೆ ಚಪಾತಿ ಬೇಯಿಸಬೇಕು, ಸಂಜೆ ಚಪಾತಿ ಬೇಯಿಸಬೇಕು. ನಡುವಿನ ಹೊತ್ತು ಅವಳದು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಆ ಹೊತ್ತಲ್ಲಿ ಸುತ್ತಿದಳು. ತಿಲಕನಗರ, ಕತ್ರಿಗುಪ್ಪೆ, ಯಲಚೇನಹಳ್ಳಿ, ಅರಕೆರೆ. ಬ್ರೋಕರ್ ಪ್ರಮೋದನಿಗೆ ಆಫೀಸಿರಲಿಲ್ಲ, ಬೈಕೇ ಆಫೀಸು.

"ಅಕ್ಕ, ನಿನ್ ಬಜೆಟ್ಟಿಗೆ ಬೆಂಗಳೂರಲ್ಲಿ ನಾಯಿಗೂಡೂ ಸಿಗಲ್ಲ. ಕನಕಪುರದಲ್ಲಿ ಟ್ರೈ ಮಾಡು."

"ಬೆಳಗಾಗೋದ್ರೊಳಗೆ ಹಿಟ್ಟು ಕಲಸ್ಬೇಕು ನಾನು. ಕನಕಪುರದಿಂದ ಹಾರ್ಕೊಂಡ್ ಬರ್ಲಾ?"

"ಹಾರೋದು ಕಲ್ತ್ಕೋ. ಮೆಟ್ರೋಗಿಂತ ಚೀಪು."

ಕತ್ರಿಗುಪ್ಪೆಯಲ್ಲಿ ತಾರಸಿ ಮೇಲೆ ಶೀಟು ಹೊದಿಸಿದ ಒಂದು ರೂಮು. ಓನರಮ್ಮ ಜಾತಿ ಕೇಳಲಿಲ್ಲ. ಈ ಊರಿನಲ್ಲಿ ಈಗ ಯಾರೂ ಕೇಳುವುದಿಲ್ಲ. ನಗುನಗುತ್ತ, "ನಿಮ್ಮನೆ ದೇವ್ರು ಯಾವ್ದಮ್ಮ?" ಎಂದಳು.

"ಮಾರಮ್ಮ."

"ಯಾವ ಮಾರಮ್ಮ?"

"ಕೋಣ ಬೀಳೋ ಮಾರಮ್ಮ," ಎಂದಳು ಮಧುಮತಿ, ಬಿಸಿಲಿಗೆ ತಲೆ ಕೆಟ್ಟಿತ್ತು.

ಓನರಮ್ಮನ ನಗು ಅಲ್ಲೇ ಇತ್ತು, ಕಣ್ಣು ಮಾತ್ರ ಒಳಗೆ ಹೋಯಿತು. "ಇಲ್ಲಿ ನೀರಿನ ಪ್ರಾಬ್ಲಮ್ ಇದೆಯಮ್ಮ. ನಿಮಗೆ ಕಷ್ಟ ಆಗತ್ತೆ." ಅವಳು ಹಾಗೆನ್ನುವಾಗ ಕೆಳಗೆ ಸಂಪು ತುಂಬಿ ಗೇಟಿನಾಚೆಗೆ ನೀರು ಹರಿಯುತ್ತಿತ್ತು.

ಜೆ.ಪಿ. ನಗರದ ಪುಟ್ಟೇನಹಳ್ಳಿಯ ಓನರಿಗೆ ದೇವರ ಗೊಡವೆ ಇರಲಿಲ್ಲ. ಅವನು ಕೇಳಿದ್ದು, "ವಯಸ್ಸಾದೋರು ಓಡಾಡ್ಕೊಂಡಿದಾರಾ?"

"ಓ, ಚೆನ್ನಾಗ್ ಓಡಾಡ್ತಾರೆ ಸಾರ್."

"ಕರ್ಕೊಂಡ್ ಬನ್ನಿ, ನೋಡೋಣ."

ಹೆಣ್ಣು ತೋರಿಸಲು ಹೊರಟ ಹಾಗೆ ಅವ್ವನಿಗೆ ತಲೆ ಬಾಚಿ, ಹಸಿರು ಸೀರೆ ಉಡಿಸಿ, ಮುಖಕ್ಕೆ ಪೌಡರು ಹಚ್ಚಿದರು. "ನನ್ ಮದ್ವೇಲೂ ಇಷ್ಟು ಪೌಡ್ರು ಬಳೀಲಿಲ್ಲ ಕಣ್ರೋ," ಎಂದಳು ಅವ್ವ. ಮಧುಮತಿಯ ಗಂಡ ತಿಪ್ಪಣ್ಣನದು ಲಗೇಜ್ ಆಟೋ. ದಿನವೂ ಯಾರದೋ ಮನೆಯ ಸಾಮಾನು ಯಾರದೋ ಮನೆಗೆ ಸಾಗಿಸುವವನು, ಅವತ್ತು ಹಿಂದೆ ಹಾಸಿಗೆ ಹಾಸಿ ಅತ್ತೆಯನ್ನು ಸಾಗಿಸಿದ. ಪುಟ್ಟೇನಹಳ್ಳಿಯ ಗೇಟಿನ ಮುಂದೆ ಇಬ್ಬರೂ ಎರಡು ರಟ್ಟೆ ಹಿಡಿದು ನಿಲ್ಲಿಸಿದರು. ಅವ್ವ ನಿಂತಳು. ಹಲ್ಲು ಕಚ್ಚಿಕೊಂಡು, ಓನರು ಕೊನೇ ಮೆಟ್ಟಿಲು ಇಳಿಯುವವರೆಗೆ ನಿಂತಳು. ಆಮೇಲೆ ಅವಳ ಮೊಣಕಾಲು ಮಡಿಸಿಕೊಂಡಿತು. ಕುಡಿದಿದ್ದ ಗಂಜಿಯೆಲ್ಲ ಓನರಿನ ಚಪ್ಪಲಿಯ ಮುಂದೆ ಬಿತ್ತು.

"ಥೂ! ಮೂರು ದಿನದ ಗಿರಾಕೀನ ತಂದು ನನ್ ತಲೆಗೆ ಕಟ್ತಿದ್ರಲ್ರೋ! ನಿಮ್ ಜನಾನೇ ಇಷ್ಟು, ಸುಳ್ಳು ಹೇಳ್ದೆ ಬಾಯಲ್ಲಿ ಮಾತೇ ಬರಲ್ಲ. ತೊಳೀರಿ ಇದನ್ನ. ತೊಳ್ದು ಹೋಗಿ."

ಮಧುಮತಿ ತೊಳೆದಳು. ವಾಪಸ್ಸು ಬರುವಾಗ ಲಗೇಜ್ ಆಟೋದ ಹಿಂದೆ ಅವ್ವ ಕಣ್ಣು ಮುಚ್ಚಿಕೊಂಡೇ, "ಹುಡುಗಿ ಒಪ್ಪಿಗೆ ಆಗ್ಲಿಲ್ಲ ಅಂತ ಕಾಣುತ್ತೆ," ಎಂದಳು.

*

ಪದ್ಮನಾಭನಗರದ ಆ ಅಡ್ಡರಸ್ತೆಯಲ್ಲಿ ಮಧುಮತಿ ನಿಂತದ್ದು ಬಿಸಿಲು ತಾಳದೆ. ಸಂಪಿಗೆ ಮರದ ನೆರಳಲ್ಲಿ ಹೂ ಕಟ್ಟುತ್ತ ಕೂತಿದ್ದ ಸಿದ್ದಗಂಗಮ್ಮ ಸರಿದು ಜಾಗ ಕೊಟ್ಟಳು. ಎದುರಿಗೆ ಹಳೆಯ ಕಾಲದ ಒಂಟಿ ಮನೆ. ಬಾಗಿಲಿಗೆ ಬೀಗ, ತೋರಣ ಒಣಗಿ ತರಗೆಲೆ, ಹೊಸ್ತಿಲಲ್ಲಿ ರಂಗೋಲಿಯ ಚುಕ್ಕಿಯಿಲ್ಲ. ಟು-ಲೆಟ್ ಬೋರ್ಡೂ ಇರಲಿಲ್ಲ.

"ಈ ಮನೆಯೋರು ಫಾರಿನ್ನಾ?"

"ಫಾರಿನ್ನೂ ಇಲ್ಲ ಗೀರಿನ್ನೂ ಇಲ್ಲ. ಮನೆ ಬಿಟ್ಟವ್ರೆ ಕಣಕ್ಕ. ಯಜಮಾನ್ರ ತಂದೆ ಹಾಲಲ್ಲೇ ಹೋದ್ರು, ಧನಿಷ್ಠಾ ನಕ್ಷತ್ರದಲ್ಲಿ. ಆ ನಕ್ಷತ್ರದಲ್ಲಿ ಹೋದ್ರೆ ಪಂಚಕ ಅಂತೆ. ಒಂದು ಸಾವು ಐದು ಸಾವು ಕರೀತದಂತೆ. ಆರು ತಿಂಗಳು ಮನೆಯೋರು ಹೊಸ್ತಿಲು ತುಳಿಯಂಗಿಲ್ಲ. ಅದ್ಕೆ ಬೀಗ ಜಡ್ದು ಮಗನ ಫ್ಲ್ಯಾಟಿಗೆ ಹೋಗವ್ರೆ, ಜೇಪಿ ನಗರಕ್ಕೆ. ದಿನಾ ಎರಡು ಮೊಳ ತಗೋತಿದ್ರು ನನ್ ಹತ್ರ. ಸಾವು ಅವ್ರಿಗೆ, ನಷ್ಟ ನಂಗೆ."

ಮಧುಮತಿ ಆ ಬೀಗವನ್ನೇ ನೋಡಿದಳು. ಸಾವು ಆಗಲೇ ನುಗ್ಗಿ ಕೂತಿರುವ ಮನೆ. ಮೈಲಿಗೆ ಆಗಿಯೇ ಹೋಗಿದೆ. ಮುಳುಗಿದವರಿಗೆ ಚಳಿಯೇನು, ಮಳೆಯೇನು? ಇಲ್ಲಿ ಇನ್ನೊಂದು ಜೀವ ಹೋದರೆ ಬೇಡ ಅನ್ನುವವರು ಯಾರು? ಇಷ್ಟು ದಿನ ಚೆನ್ನಾಗಿರುವ ಮನೆ ಹುಡುಕಿದ್ದೇ ತಪ್ಪು ಅನ್ನಿಸಿತು ಅವಳಿಗೆ.

"ಅವ್ರ ನಂಬರ್ ಐತಾ ನಿನ್ ಹತ್ರ?"

*

ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿಯವನು ಅವಳನ್ನು ಸಾಮಾನಿನ ಲಿಫ್ಟಿಗೆ ಕಳಿಸಿದ. ಬಾಗಿಲು ತೆರೆದ ಅನಂತಪದ್ಮನಾಭ ರಿಟೈರಾದವರು, ಮೆತ್ತಗಿನ ಮಾತಿನವರು. ಹಿಂದೆ ಅವರ ಹೆಂಡತಿ ಸೀತಮ್ಮ.

"ಅದು ಬಾಡಿಗೆಗೆ ಕೊಡೋ ಮನೆ ಅಲ್ಲಮ್ಮ."

"ಗೊತ್ತು ಸಾರ್. ಬಿಟ್ಟಿರೋ ಮನೆ. ನಮಗೆ ಅದೆಲ್ಲ ನಡೀತದೆ." ಮಧುಮತಿ ದಾರಿಯುದ್ದಕ್ಕೂ ಸುಳ್ಳು ಕಟ್ಟಿಕೊಂಡು ಬಂದಿದ್ದಳು. ಬಾಯಿ ತೆರೆದಾಗ ಪುಟ್ಟೇನಹಳ್ಳಿಯ ಗೇಟು ನೆನಪಾಗಿ ನಿಜವೇ ಬಂತು. "ನಮ್ಮವ್ವ ಹಾಸ್ಗೆ ಹಿಡಿದವ್ಳೆ. ಹೊಟ್ಟೇಲಿ ಗಡ್ಡೆ. ಉಳಿಯಲ್ಲ. ಮುಚ್ಚಿಟ್ಟು ಬಂದು ಆಮೇಲೆ ನಿಮ್ ಕೈಲಿ ಅನ್ನಿಸ್ಕೊಳ್ಳೋದು ಬ್ಯಾಡ ಅಂತ ಹೇಳ್ತಿದೀನಿ. ಒಳಗೇ ಪ್ರಾಣ ಬಿಡ್ಬೇಕು, ಒಳಗೇ ನೀರು ಹಾಕಿಸ್ಕೋಬೇಕು ಅಂತ ಅವಳಾಸೆ. ಹೋಗುವಾಗ ಸುಣ್ಣ ಹೊಡ್ಸಿ ಕೊಟ್ಟು ಹೋಗ್ತೀವಿ."

ಬಾಗಿಲು ಮುಖಕ್ಕೆ ಬೀಳುತ್ತದೆ ಅಂತ ಅವಳು ಒಂದು ಹೆಜ್ಜೆ ಹಿಂದೆ ಇಟ್ಟಳು. ಬೀಳಲಿಲ್ಲ. ಗಂಡ ಹೆಂಡಿರು ಒಬ್ಬರನ್ನೊಬ್ಬರು ನೋಡಿದರು.

"ಡಾಕ್ಟರು ಎಷ್ಟು ದಿನ ಅಂದಿದಾರೆ?" ಎಂದರು ಸೀತಮ್ಮ.

"ತಿಂಗಳು ದಾಟಲ್ಲ ಅಂದವ್ರೆ."

ಅನಂತಪದ್ಮನಾಭ ಬಾಲ್ಕನಿಗೆ ಹೋಗಿ ಯಾರಿಗೋ ಫೋನು ಮಾಡಿದರು. ಸೀತಮ್ಮ ಪೇಪರ್ ಲೋಟದಲ್ಲಿ ಮಜ್ಜಿಗೆ ತಂದು ಕೊಟ್ಟರು. ಫೋನು ಮುಗಿಸಿ ಬಂದವರು, "ಕರ್ಕೊಂಡು ಬನ್ನಿ. ಇನ್ನೆರಡು ತಿಂಗಳು ಮನೆ ಖಾಲಿ ಇರತ್ತೆ. ಕರೆಂಟಿಗೆ ನೀರಿಗೆ ಆಗೋಷ್ಟು ಕೊಡಿ, ಸಾಕು," ಎಂದರು.

"ಹಿಂದಿನ ಬಾಗಿಲಿಂದ ಓಡಾಡಿ," ಎಂದರು ಸೀತಮ್ಮ. "ಬೀಗದ ಕೈ ಗೊಂಚಲಲ್ಲಿ ಮುಂದಿನ ಬಾಗಿಲದ್ದೂ ಇದೆ, ಅದನ್ನ ಮಾತ್ರ ತೆಗೀಬೇಡಿ. ದೇವರ ಮನೆ, ಅಡುಗೆ ಮನೆ ಬೀಗ ಹಾಕಿರತ್ತೆ, ಅಡುಗೆ ಹಿಂದಿನ ಶೆಡ್ಡಲ್ಲಿ ಮಾಡ್ಕೊಳ್ಳಿ. ಆದ್ರೆ ನಿಮ್ಮಮ್ಮನ್ನ ಮಾತ್ರ ಹಾಲಲ್ಲೇ ಮಲಗ್ಸಿ. ಮಾವನವರ ಮಂಚ ಅಲ್ಲೇ ಇದೆ."

"ಮಂಚನಾ ಮೇಡಂ?"

"ಹೂಂ. ಅದರ ಮೇಲೇ ಮಲಗ್ಸು. ಪಾಪ, ಕಷ್ಟದ ಜೀವ."

ಸಾಮಾನಿನ ಲಿಫ್ಟಿನಲ್ಲಿ ಒಬ್ಬಳೇ ಇಳಿಯುವಾಗ ಮಧುಮತಿಗೆ ಅಳು ತಡೆಯಲಾಗಲಿಲ್ಲ. ತಿಪ್ಪಣ್ಣ ಮಾತ್ರ ಕೇಳಿ ಬೀಡಿ ಆರಿಸಿದ. "ಅವ್ರ ಮಂಚ? ನಮ್ಗೆ? ಮದೀ, ಇದ್ರಾಗೆ ಏನೋ ಐತೆ."

"ನಿಂಗೆ ಎಲ್ಲಾದ್ರಲ್ಲೂ ಏನೋ ಐತೆ. ಊರಲ್ಲಿ ಒಳ್ಳೇವ್ರು ಹುಟ್ಟೋದೇ ನಿಂತೋಗೈತಾ?"

*

ಅವ್ವ ಮಂಚದ ಮೇಲೆ ಮಲಗಿ ಫ್ಯಾನು ನೋಡಿದಳು, ಕಿಟಕಿ ನೋಡಿದಳು. "ಈ ಹಾಲಲ್ಲಿ ಒಂದು ಮದ್ವೆ ಮಾಡ್ಬೋದು ಕಣೇ." ಮದುವೆಗಳ ವಿಷಯ ಅವಳಿಗೆ ಗೊತ್ತು. ಜಯನಗರದ ಛತ್ರವೊಂದರಲ್ಲಿ ಆಯಸ್ಸೆಲ್ಲ ಎಂಜಲು ಪಾತ್ರೆ ತಿಕ್ಕಿದವಳು. ಮಗಳಿಗೆ ಇಟ್ಟ ಹೆಸರೂ ಯಾವುದೋ ಮದುವೆಯ ಮಂಟಪದ ಮೇಲೆ ಥರ್ಮಕೋಲಿನಲ್ಲಿ ಅಂಟಿಸಿದ್ದ ಹೆಸರು, ಯಾರಿಂದಲೋ ಓದಿಸಿಕೊಂಡು ಬಂದು ಇಟ್ಟದ್ದು.

"ಬಚ್ಚಲು ತೋರ್ಸು," ಎಂದಳು. ತಿಪ್ಪಣ್ಣ ಎತ್ತಿಕೊಂಡು ಹೋಗಿ ತೋರಿಸಿದ. "ಚಿಲಕ ಹಾಕು." ಹಾಕಿದ. "ತೆಗಿ. ಇನ್ನೊಂದ್ಸಲ ಹಾಕು." ಆಮೇಲೆ ನಿದ್ದೆ ಹೋದಳು.

ಸೀತಮ್ಮ ಎರಡು ದಿನಕ್ಕೊಮ್ಮೆ ಬರುತ್ತಿದ್ದರು. ಮನೆಯೊಳಗೆ ಕಾಲಿಡುವ ಹಾಗಿಲ್ಲ, ಗೇಟಿನಾಚೆಯೇ ನಿಂತು ಎಳನೀರು ಕೊಟ್ಟು, "ಹೇಗಿದಾರೆ?" ಅನ್ನುತ್ತಿದ್ದರು. ಪೀಜಿಯಲ್ಲಿ ಮಧುಮತಿ ಅದನ್ನು ಹೇಳಿಕೊಂಡದ್ದೇ ಹೇಳಿಕೊಂಡದ್ದು. ನಮ್ಮೋರೇ ನೋಡ್ದೇ ಇರೋ ಕಾಲದಲ್ಲಿ ದೇವರಂಥ ಜನ ಕಣ್ರೇ.

ತಿಂಗಳು ಕಳೆಯಿತು. ಅವ್ವ ಹೋಗಲಿಲ್ಲ. ಗಾಳಿ ಬೆಳಕಿಗೋ ಎಳನೀರಿಗೋ, ಮೆಲ್ಲಗೆ ದಿಂಬಿಗೆ ಒರಗಿ ಕೂರತೊಡಗಿದಳು. ಒಂದು ದಿನ ಮುದ್ದೆ ಕೇಳಿದಳು. ಮಧುಮತಿ ಸಂಭ್ರಮದಿಂದ ಗೇಟಿಗೆ ಓಡಿ ಹೇಳಿದಾಗ ಸೀತಮ್ಮನ ಮುಖ ಬಾಡಿತು.

"ಮುದ್ದೆನಾ?"

"ಅರ್ಧ ಮುದ್ದೆ ಮೇಡಂ! ಬಸ್ಸಾರಲ್ಲಿ!"

ಆಮೇಲೆ ಎಳನೀರು ಬರಲಿಲ್ಲ. ಆರು ತಿಂಗಳು ಮುಗಿಯುವ ವಾರ ಸೀತಮ್ಮ ಬರಿಗೈಯಲ್ಲಿ ಬಂದರು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ನೋಡು ಮಧುಮತಿ, ಮುಚ್ಚುಮರೆ ಬೇಡ. ಮಾವನವರು ಹೋದಾಗ ಐದು ದರ್ಭೆ ಗೊಂಬೆ ಮಾಡಿ ಜೊತೇಲಿ ಸುಡ್ಬೇಕಿತ್ತು. ಬಾಕಿ ಸಾವಿಗೆ ಬದಲು ಅಂತ. ಗಡಿಬಿಡೀಲಿ ಬಿಟ್ಟುಹೋಯ್ತು. ಅದಾಗಿ ಹದಿನೈದು ದಿನಕ್ಕೆ ನಮ್ಮ ಮೊಮ್ಮಗಳು ಧೃತಿ ಸ್ಕೂಟಿಯಿಂದ ಬಿದ್ದು ತಲೆಗೆ ಹೊಲಿಗೆ. ಅವತ್ತಿಂದ ನನಗೆ ನಿದ್ದೆ ಇಲ್ಲ. ಭಟ್ರು ಒಂದು ದಾರಿ ಹೇಳಿದ್ರು. ಆ ಮನೇಲಿ, ಆ ಮಂಚದ ಮೇಲೆ, ಹೊರಗಿನವರದ್ದು ಒಂದು ಸಾವು ಆಗಿಹೋದ್ರೆ ನಮ್ಮ ಬಾಕಿ ತೀರತ್ತೆ ಅಂತ. ನಿಮ್ಮಮ್ಮನಿಗೆ ಹೇಗೂ..."

ಮಧುಮತಿಯ ಕೈ ಗೇಟಿನ ಸರಳಿನ ಮೇಲಿತ್ತು. ಅದು ತನ್ನ ಕೈ ಅನ್ನಿಸಲಿಲ್ಲ.

"ನಾವೇನು ಕೊಲ್ತಿಲ್ವಲ್ಲ ಕಣೆ. ನಿಮಗೊಂದು ಮನೆ ಆಯ್ತು, ನಮಗೊಂದು ಉಪಕಾರ. ಶುಕ್ರವಾರ ಶಾಂತಿಹೋಮ ಇಟ್ಕೊಂಡಿದೀವಿ. ಅಷ್ಟರೊಳಗೆ ಆಯ್ತು ಅಂದ್ರೆ, ಹಿಂದಿನ ರೂಮಲ್ಲಿ ನೀವಿಬ್ರೂ ಎಷ್ಟು ದಿನ ಬೇಕಾದ್ರೂ ಇರಿ. ಬಾಡಿಗೆ ಬೇಡ. ಆಗ್ಲಿಲ್ಲ ಅಂದ್ರೆ ಗುರುವಾರವೇ ಖಾಲಿ ಮಾಡ್ಬೇಕು. ನಾವು ಬೇರೆ ಯಾರನ್ನಾದ್ರೂ ನೋಡ್ಕೋಬೇಕಾಗತ್ತೆ."

*

ಮತ್ತೆ ಬೀದಿ. ಇಟ್ಟಮಡು, ಚಿಕ್ಕಲ್ಲಸಂದ್ರ, ಕೋಣನಕುಂಟೆ. ಅಂಗಾಲು ಬಿರಿದು ಚಪ್ಪಲಿಗೆ ರಕ್ತ ಹತ್ತಿತು. ಪ್ರಮೋದ್ ಫೋನು ಎತ್ತುವುದನ್ನೇ ಬಿಟ್ಟ. ಪೀಜಿಯಲ್ಲಿ ಚಪಾತಿ ಸೀದು ಬೈಸಿಕೊಂಡಳು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು, ಮೈಮೇಲೆ ಇರುವೆ ಬಿಟ್ಟುಕೊಂಡವಳ ಹಾಗೆ.

ಬುಧವಾರ ಸಂಜೆ ಶೆಡ್ಡಿನಲ್ಲಿ ಉಣ್ಣುತ್ತ ಕೂತ ತಿಪ್ಪಣ್ಣ ತಟ್ಟೆ ನೋಡಿಕೊಂಡೇ ಕೇಳಿದ. "ಬಾಡ್ಗೆ ಬ್ಯಾಡ ಅಂದ್ರಾ? ಎಷ್ಟು ದಿನ ಬೇಕಾದ್ರೂ ಅಂದ್ರಾ?"

"ಹೂಂ."

ಅವನು ಇನ್ನೊಂದು ತುತ್ತು ಎತ್ತಿದ, ಬಾಯಿಗಿಡಲಿಲ್ಲ. ಮಧುಮತಿಗೆ ಸೌಟು ತೆಗೆದು ಅವನ ತಲೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. ಅವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವಳೇ ಮಂಚದ ಹತ್ತಿರ ನಿಂತು, ಅವ್ವನ ಹೊದಿಕೆ ಏಳುತ್ತದೋ ಇಲ್ಲವೋ ಅಂತ ನೋಡಿದ್ದಳು. ಹೊದಿಕೆ ಎದ್ದಾಗ ಅವಳಿಗೆ ಮೊದಲು ಬಂದದ್ದು ಸಮಾಧಾನ ಆಗಿರಲಿಲ್ಲ.

ಗುರುವಾರ ಮಧ್ಯಾಹ್ನ ಅವ್ವ ಕೇಳಿಯೇ ಬಿಟ್ಟಳು. "ಯಾಕ್ ಮಗ, ಎರಡು ದಿನದಿಂದ ನನ್ ಎದೇನೇ ನೋಡ್ತೀಯಾ? ಹಾಲು ಕುಡೀಬೇಕಾ?"

ಮಧುಮತಿ ಮಂಚದ ಕಾಲು ಹಿಡಿದು ಕೂತಳು. ಎಲ್ಲ ಹೇಳಿದಳು. ಧನಿಷ್ಠಾ ನಕ್ಷತ್ರದ ವಿಷಯ, ಗೊಂಬೆಯ ವಿಷಯ, ಮಂಚದ ವಿಷಯ, ಶುಕ್ರವಾರದ ವಿಷಯ. ಹೊದಿಕೆ ಏಳುತ್ತದೋ ಅಂತ ನೋಡಿದ್ದನ್ನೂ ಹೇಳಿದಳು.

ಅವ್ವ ಫ್ಯಾನಿನ ಕಡೆ ಮುಖ ತಿರುಗಿಸಿದಳು. ಆಮೇಲೆ ನಗು ಶುರುವಾಯಿತು, ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ ಕಣ್ಣಲ್ಲಿ ನೀರು ಬಂತು.

"ಇಷ್ಟು ವರ್ಷ ಬದುಕಿದ್ದಕ್ಕೆ ಯಾವ ನನ್ಮಗನೂ ನಾಕು ಕಾಸಿನ ಬೆಲೆ ಕೊಡ್ಲಿಲ್ಲ. ಸಾಯೋದಕ್ಕೆ ಇಷ್ಟು ರೇಟ್ ಐತಾ? ಅವ್ರು ಮದ್ವೇಲಿ ಉಂಡಿದ್ದನ್ನ ತೊಳ್ದೆ, ತಿಥೀಲಿ ಉಂಡಿದ್ದನ್ನ ತೊಳ್ದೆ. ಈಗ ಅವ್ರ ಮನೆ ಸಾವನ್ನೂ ನಾನೇ ತೊಳ್ದು ಬೋರಲು ಹಾಕ್ಬೇಕಾ?"

"ಬೇರೆ ಮನೆ ನೋಡ್ತಿದೀನಿ ಕಣವ್ವ. ಸಂಜೆ ಹೋಗಿ ಇನ್ನೊಂದ್ಸಲ..."

"ನೋಡ್ಬ್ಯಾಡ. ನಿನ್ ಕಾಲು ನೋಡ್ಕೋ, ಹೆಂಗ್ ಊದವೆ. ಕೂತ್ಕೋ ಇಲ್ಲಿ."

"ನಾಳೆ ಅವ್ರು ಬಂದು ಎತ್ತಿ ಹಾಕ್ತಾರೆ."

"ಬರ್ಲಿ."

*

ಶುಕ್ರವಾರ ಹೊತ್ತು ಮೂಡುವಾಗ ಅವ್ವ ಬಚ್ಚಲಿಗೆ ಕರೆದುಕೊಂಡು ಹೋಗು ಅಂದಳು. ಬಿಸಿನೀರು ತೋಡಿಟ್ಟು ಮಧುಮತಿ ಸೆರಗು ಸಿಕ್ಕಿಸಿದಾಗ ಅವ್ವ ಬೇಡ ಅಂತ ಕೈಯಾಡಿಸಿದಳು. "ನೀನು ಆಚೆ ಹೋಗು. ನನ್ನ ನಾನೇ ತೊಳ್ಕೋತೀನಿ." ಒಳಗಿನಿಂದ ಚಿಲಕ ಬಿತ್ತು. ಚೊಂಬಿನ ಸದ್ದು, ಏದುಸಿರು, ಮತ್ತೆ ಚೊಂಬಿನ ಸದ್ದು. ಮಧುಮತಿ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಳು. ಬಹಳ ಹೊತ್ತಾದ ಮೇಲೆ ಚಿಲಕ ಸರಿಯಿತು.

ಕಾರು ಬಂದಾಗ ಮನೆಯ ಮುಂದಿನ ಬಾಗಿಲು ಹಾರು ಹೊಡೆದಿತ್ತು. ಹೊಸ್ತಿಲ ಮೇಲೆ, ಚೌಕಟ್ಟಿಗೆ ಒರಗಿ, ಒದ್ದೆ ಕೂದಲು ಹರವಿಕೊಂಡು ಚಿಕ್ಕತಾಯಮ್ಮ ಕೂತಿದ್ದಳು. ಸಾಮಾನು ತುಂಬಲು ತಿಪ್ಪಣ್ಣ ಲಗೇಜ್ ಆಟೋ ತಂದು ಕಾಂಪೌಂಡಿನ ಪಕ್ಕ ನಿಲ್ಲಿಸಿದ್ದ, ಆದರೆ ಒಂದು ಚೊಂಬನ್ನೂ ಏರಿಸಿರಲಿಲ್ಲ. ಕಾರಿನಿಂದ ಸೀತಮ್ಮ, ಅನಂತಪದ್ಮನಾಭ, ಹಿಂದೆ ಸಮಿತ್ತಿನ ಕಟ್ಟು ಹಿಡಿದ ಭಟ್ಟರು ಇಳಿದರು.

"ಮುಂದಿನ ಬಾಗಿಲು ಯಾರು ತೆಗೆದಿದ್ದು?" ಸೀತಮ್ಮನ ದನಿ ಕೀರಲಾಯಿತು. "ಮಧುಮತಿ, ನಿನ್ನೇನೇ ಖಾಲಿ ಮಾಡ್ಬೇಕಿತ್ತಲ್ಲೇ!"

"ಅವಳ್ನ ಯಾಕ್ ಕೇಳ್ತೀರಾ? ನಾನ್ ತೆಗೆದಿದ್ದು," ಎಂದಳು ಅವ್ವ. "ಬರ್ರಿ. ಹೆಂಗಿದೀನಿ ಅಂತ ದಿನಾ ಕೇಳ್ತಿದ್ರಲ್ಲ, ನೋಡ್ಕಳಿ."

ಅನಂತಪದ್ಮನಾಭ ಕನ್ನಡಕ ಸರಿಮಾಡಿಕೊಂಡರು. "ನೋಡಿ, ಇದು ಸರಿ ಅಲ್ಲ. ಪಾಪ ಅಂತ ಮನೆ ಕೊಟ್ರೆ ಹೀಗಾ? ಪೊಲೀಸ್ರನ್ನ ಕರೀಬೇಕಾಗತ್ತೆ."

"ಕರೀರಿ ಸೋಮಿ. ಬಂದು ಎತ್ಲಿ. ಈ ಕಡ್ಡಿ ಮೈಗೆ ಕೈ ಹಾಕಿದ್ರೆ ಪ್ರಾಣ ಅವ್ರ ಕೈಗೇ ಬತ್ತದೆ. ನಂದೇನು, ಹೊಸ್ತಿಲಿನ ಮೇಲಿರೋ ಜೀವ."

"ಯಾಕಮ್ಮ ಒಳ್ಳೇ ದಿನ ಇಂಥ ಮಾತು," ಎಂದು ಭಟ್ಟರು ಮುಂದೆ ಬಂದರು. "ಹೋಮ ಆಗ್ಬೇಕು. ಸ್ವಲ್ಪ ಆಚೆ ಸರ್ಕೋ."

"ಒಳ್ಳೇ ದಿನನಾ ಅಯ್ನೋರೆ? ಇವತ್ತು ಯಾವ ನಕ್ಷತ್ರ?"

"ಶ್ರವಣ. ಒಳ್ಳೇ ನಕ್ಷತ್ರ. ಅದಕ್ಕೇ ಇಟ್ಟಿರೋದು."

"ಎಷ್ಟೊತ್ತು ಗಂಟ ಐತೆ ಅದು?"

"ಮಧ್ಯಾಹ್ನದವರೆಗೆ..."

"ಆಮ್ಯಾಕೆ?"

ಭಟ್ಟರು ಸಮಿತ್ತಿನ ಕಟ್ಟನ್ನು ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಬದಲಾಯಿಸಿದರು.

"ಆಮೇಲೆ ಯಾವ್ದು ಭಟ್ರೇ?" ಎಂದರು ಸೀತಮ್ಮ. "ಹೇಳಿ. ಆಮೇಲೆ ಯಾವ್ದು?"

"ಧನಿಷ್ಠ."

ರಸ್ತೆಯಾಚೆ ಸಂಪಿಗೆ ಮರದ ಕೆಳಗಿಂದ ಸಿದ್ದಗಂಗಮ್ಮ ಕೈಲಿದ್ದ ಹೂ ಬಿಟ್ಟು ಬಾಯಿಗೆ ಸೆರಗು ಹಿಡಿದಳು. "ಅಯ್ಯೋ ಶಿವನೇ! ಮತ್ತೆ ಆರು ತಿಂಗಳು!"

"ಹಂಗಾರೆ ಅವಸರ ಇಲ್ಲ," ಎಂದಳು ಅವ್ವ. "ಮಧ್ಯಾನ ಗಂಟ ಕಾಯ್ತೀನಿ."

ಹಾಗಂದು ನಿಧಾನವಾಗಿ, ಒಂದು ಕೈ ಊರಿ, ಹೊಸ್ತಿಲ ಉದ್ದಕ್ಕೂ ಮಲಗಿದಳು. ತೋಳು ಮಡಿಸಿ ತಲೆಗಿಟ್ಟುಕೊಂಡು ಕಣ್ಣು ಮುಚ್ಚಿದಳು. ತಿಪ್ಪಣ್ಣ ಆಟೋದ ಕೀ ತೆಗೆದು ಜೇಬಿಗೆ ಹಾಕಿಕೊಂಡ.

ಹೊತ್ತು ಏರಿತು. ಭಟ್ಟರು ತಂದ ತುಪ್ಪ ಡಬ್ಬಿಯಲ್ಲೇ ಕರಗಿತು. ಅವಳನ್ನು ದಾಟಿ ಒಳಗೆ ಹೋಗಲು ಯಾರಿಗೂ ಧೈರ್ಯವಿಲ್ಲ, ಬಿಟ್ಟು ಹೋಗಲು ಯಾರಿಗೂ ಮನಸ್ಸಿಲ್ಲ. ಅನಂತಪದ್ಮನಾಭ ಗೇಟಿನಿಂದಲೇ, "ಅಮ್ಮಾ, ಒಳಗೆ ಹೋಗಿ ಮಲಗಿಕೊಳ್ಳಿ. ಇನ್ನೊಂದು ತಿಂಗಳು ಬೇಕಾದ್ರೂ ಇರಿ. ಆಸ್ಪತ್ರೆಗೆ ಬೇಕಾದ್ರೆ ನಾನೇ ಸೇರಿಸ್ತೀನಿ," ಎಂದರು. ಅವ್ವ ಕಣ್ಣು ತೆರೆಯಲಿಲ್ಲ.

ಬಿಸಿಲು ಗೇಟನ್ನು ಮುಟ್ಟಿದಾಗ ಸೀತಮ್ಮ ಸರಳು ಹಿಡಿದು ಬಗ್ಗಿ ನೋಡಿದರು. ಅವ್ವನ ಬಾಯಿ ಸ್ವಲ್ಪ ತೆರೆದಿತ್ತು. ತುಟಿಯ ಹತ್ತಿರ ಒಂದು ನೊಣ ಕೂತು ಎದ್ದಿತು.

"ಮಧುಮತಿ... ಅಲ್ಲಾಡ್ತಾನೇ ಇಲ್ವಲ್ಲೇ. ನೋಡೇ ಸ್ವಲ್ಪ. ಉಸಿರಾಡ್ತಿದಾರೇನೇ?"

ಮಧುಮತಿ ಅವ್ವನ ತಲೆಯ ಪಕ್ಕ, ಮುಂದಿನ ಮೆಟ್ಟಿಲ ಮೇಲೆ ಕಾಲು ನೀಡಿ ಕೂತಳು. ಊದಿದ ಪಾದಗಳನ್ನು ಬಿಸಿಲಿಗೆ ಹಿಡಿದಳು.

"ಹೇಳೇ! ನಿನ್ನ ದಮ್ಮಯ್ಯ, ಹೇಳೇ, ಉಸಿರಾಡ್ತಿದಾರಾ?"

ಮಧುಮತಿ ಅವರ ಮುಖವನ್ನೇ ನೋಡಿದಳು.